ಸುರ್ಕಿಗಾರೆಯೂ ಜೀರ್ಣೋದ್ಧಾರವೂ: ಹರಿಹರ ದಾವಣಗೆರೆಗಳ ಹಳೆಯ ಕಟ್ಟಡ ಸಾಮಗ್ರಿಯ ವಿಚಾರ

೧

ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಕಟ್ಟಿಸಿದವನ ಹೆಸರು, ಕಾಲ, ಶೈಲಿ, ವೆಚ್ಚ ಇವುಗಳನ್ನು ವಿಚಾರಿಸುವುದು ವಾಡಿಕೆ. ಆ ಕಟ್ಟಡವು ಬಿದ್ದ ಮೇಲೆ ಅದರ ಕಲ್ಲು, ಇಟ್ಟಿಗೆ, ಗಾರೆ, ಮಣ್ಣುಗಳು ಎಲ್ಲಿಗೆ ಹೋದುವೆಂಬುದನ್ನು ವಿಚಾರಿಸುವವರು ವಿರಳ. ಬಿದ್ದ ಕಟ್ಟಡವಾದರೋ ಇಲ್ಲವಾಗುವುದಿಲ್ಲ. ಅದು ಬೇರೊಂದು ಮನೆಯ ಗೋಡೆಯಾಗಿಯೋ, ರಸ್ತೆಯ ಅಡಿಯ ಹಾಸಾಗಿಯೋ, ಹೊಲಕ್ಕೆ ಹೇರಿದ ಗೊಬ್ಬರವಾಗಿಯೋ ಮುಂದುವರಿಯುತ್ತದೆ. ಕನ್ನಡ ನಾಡಿನ ಮೈದಾನ ಸೀಮೆಯಲ್ಲಿ ಹೀಗೆ ಮುಂದುವರಿದ ವಸ್ತುಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹವಾದುವು: ಒಂದು, ಕುಟ್ಟಿ ಪುಡಿಮಾಡಿದ ಇಟ್ಟಿಗೆ, ಇನ್ನೊಂದು, ಅಕ್ಷರ ಕೆತ್ತಿದ ಕಲ್ಲು. ಮೊದಲನೆಯದರ ಮರುಬಳಕೆಯಿಂದ ನಾಡಿಗೆ ಬಲವಾದ ಗಾರೆ ದೊರೆಯಿತು. ಎರಡನೆಯದರ ಮರುಬಳಕೆಯಿಂದ ನಾಡಿನ ಚರಿತ್ರೆಗೆ ನಷ್ಟವಾಯಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಹೊರತು ಹಳೆಯ ಸಾಮಗ್ರಿಯನ್ನು ಹೊಸ ಕಟ್ಟಡಕ್ಕೆ ಬಳಸುವ ವಿಷಯದಲ್ಲಿ ಸರಿಯಾದ ನಿರ್ಣಯಕ್ಕೆ ಬರುವುದು ಸಾಧ್ಯವಿಲ್ಲ.

ಈ ವಿಚಾರಕ್ಕೆ ಹರಿಹರ ದಾವಣಗೆರೆಗಳು ತಕ್ಕ ಕ್ಷೇತ್ರಗಳಾಗಿವೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ನದಿಯು ತುಂಗಭದ್ರೆಯನ್ನು ಸೇರುವ ಸಂಗಮದಲ್ಲಿರುವ ಹರಿಹರವು ಶಾಸನಗಳಿಗೂ ದೇವಾಲಯಕ್ಕೂ ಹೆಸರಾದ ಪ್ರಾಚೀನ ಪಟ್ಟಣ. ದಾವಣಗೆರೆಯಾದರೋ ಬೆಳೆದ ಊರುಗಳಲ್ಲಿ ಹೊಸದು. ಹೈದರಾಲಿಯು ಅದನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ್ದರಿಂದ ಪೇಟೆಯು ಬೆಳೆಯಿತೆಂದೂ ಬಿ. ಎಲ್. ರೈಸರ ಮೈಸೂರು ಗೆಜೆಟಿಯರಿನಿಂದ ತಿಳಿಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳು ಬಂದು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಊರಿಗೆ ಸಂದಿತು. ಆ ಶತಮಾನದ ಕೊನೆಗೆ ಗಿರಣಿಗಳ ಭಾಗ್ಯವು ಇಳಿಯಿತು. ೧೯೯೭ರಲ್ಲಿ ಜಿಲ್ಲೆಯ ಕೇಂದ್ರವಾಗಿ, ೨೦೦೭ರಲ್ಲಿ ಮಹಾನಗರಪಾಲಿಕೆಯುಳ್ಳ ನಗರವಾಗಿ, ೨೦೧೬ರಲ್ಲಿ ಕೇಂದ್ರ ಸರಕಾರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲಿ ಒಂದಾಗಿ ಅದು ಪರಿಗಣಿತವಾಯಿತು. ಬೆಳೆಯುವ ನಗರವು ತನ್ನ ಹಳೆಯ ಮೈಯನ್ನು ಕೆಡಹುತ್ತಲೇ ಬೆಳೆಯುತ್ತದೆ. ಆದುದರಿಂದ ಒಂದು ಕಡೆ ಉಳಿಸಬೇಕಾದ ಹಳಮೆಯೂ ಇನ್ನೊಂದು ಕಡೆ ಕೆಡವಿದ ರಾಶಿಯೂ ಒಂದೇ ಹೆದ್ದಾರಿಯ ಮೇಲೆ ಕೆಲವೇ ಹರದಾರಿಗಳ ಅಂತರದಲ್ಲಿ ಇಲ್ಲಿ ಕಾಣಬರುತ್ತವೆ.

೨

ಮೊದಲು ಶಬ್ದಗಳ ವಿಚಾರ. ಕಟ್ಟಡದ ಬಂಧಕ ದ್ರವ್ಯಗಳಿಗೆ ಕನ್ನಡದಲ್ಲಿರುವ ಮಾತುಗಳು ಆಯಾ ದ್ರವ್ಯದ ಚರಿತ್ರೆಯನ್ನೇ ಹೇಳುತ್ತವೆ. ಸಂಸ್ಕೃತದಲ್ಲಿ ಸುಧಾ ಎಂಬುದಕ್ಕೆ ಅಮೃತವೆಂಬ ಅರ್ಥದಂತೆ ಸುಣ್ಣವೆಂಬ ಅರ್ಥವೂ ಉಂಟು. ಸುಧೆಯಿಂದ ಬಳಿಯಲ್ಪಟ್ಟುದು ಸೌಧ. ಹೀಗೆ ಅರಮನೆಯನ್ನು ಸೂಚಿಸುವ ಗೌರವದ ಮಾತು ಮೂಲತಃ ಗೋಡೆಯ ಸುಣ್ಣದಿಂದ ಹುಟ್ಟಿದುದು. ಸುಣ್ಣವೆಂಬ ತದ್ಭವವು ಚೂರ್ಣ ಶಬ್ದದಿಂದ ಬಂದುದಾದುದರಿಂದ, ಪುಡಿಮಾಡುವ ಕ್ರಿಯೆಯೇ ಅದರ ಹೆಸರಿನಲ್ಲಿ ಅಡಗಿದೆ. ಇಟ್ಟಿಗೆಯು ಇಷ್ಟಕಾ ಶಬ್ದದ ತದ್ಭವ. ಯಜ್ಞವೇದಿಕೆಗಳನ್ನು ಕಟ್ಟಿದ ಕಾಲದಿಂದ ಬಂದ ಮಾತು. ಗಚ್ಚು ಎಂಬುದಕ್ಕೆ ಪಾರಸಿಯ ಗಚ್ ಎಂಬ ಶಬ್ದದ ಸಂಬಂಧವಿದೆ. ಸುರ್ಕಿ ಎಂಬುದೂ ಪಾರಸಿಯದೇ. ಸುರ್ಖ್ ಎಂದರೆ ಕೆಂಪು. ಇಟ್ಟಿಗೆಯ ಪುಡಿಯ ಬಣ್ಣವೇ ಅದಕ್ಕೆ ಹೆಸರಾಯಿತು.

ಸುರ್ಕಿಯೆಂಬ ಹೆಸರು ಮುಸಲ್ಮಾನ ಅರಸರ ಕಾಲದ ಆಡಳಿತದ ಭಾಷೆಯಿಂದ ಬಂದುದಾದರೂ ಆ ಪದಾರ್ಥದ ಬಳಕೆ ಅದಕ್ಕಿಂತ ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ತೃತೀಯ ಖಂಡದಲ್ಲಿ ಚಿತ್ರ ಬರೆಯುವ ಗೋಡೆಯ ಲೇಪನವನ್ನು ವಿವರಿಸುವಾಗ, ಮೂರು ಬಗೆಯ ಇಟ್ಟಿಗೆಯ ಪುಡಿಯನ್ನು ತೆಗೆದುಕೊಂಡು ಅದಕ್ಕೆ ಮೂರನೆಯ ಒಂದು ಪಾಲು ಮಣ್ಣನ್ನು ಬೆರೆಸಬೇಕೆಂದೂ, ಗುಗ್ಗುಳ, ಜೇನುಮೇಣ ಮುಂತಾದುವನ್ನು ಕೂಡಿಸಬೇಕೆಂದೂ ವಿಧಿಸಿದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿದ ವಜ್ರಲೇಪವನ್ನು ಕೆಲವರು ಸುರ್ಕಿಗಾರೆಯೊಂದಿಗೆ ಬೆರೆಸಿ ಮಾತಾಡುವುದುಂಟು, ಇದು ಸರಿಯಲ್ಲ. ವಜ್ರಲೇಪವು ತೊಗಟೆ, ಕಾಯಿ, ಬೀಜಗಳ ಕಷಾಯವನ್ನು ಎಂಟನೆಯ ಒಂದು ಪಾಲಿಗೆ ಇಳಿಸಿ ಅದಕ್ಕೆ ರಾಳಗಳನ್ನು ಕೂಡಿಸಿ ಬಿಸಿಯಾಗಿ ಬಳಿಯುವ ಅಂಟು. ಅದು ಕೋಟಿ ವರ್ಷ ನಿಲ್ಲುವುದೆಂದು ಗ್ರಂಥಕಾರನು ಹೊಗಳಿದ್ದರೂ ಅದರಲ್ಲಿ ಇಟ್ಟಿಗೆಯ ಪುಡಿಯ ಪ್ರಸ್ತಾಪವಿಲ್ಲ.

ಈ ಜ್ಞಾನವು ಭಾರತಕ್ಕೆ ಮಾತ್ರ ಸೀಮಿತವಾದುದೂ ಅಲ್ಲ. ಕ್ರಿ. ಪೂ. ಒಂದನೆಯ ಶತಮಾನದ ರೋಮನ್ ಶಿಲ್ಪಿ ವಿಟ್ರೂವಿಯಸನು ತನ್ನ ವಾಸ್ತುಗ್ರಂಥದ ಎರಡನೆಯ ಭಾಗದಲ್ಲಿ, ನದಿಯ ಇಲ್ಲವೆ ಸಮುದ್ರದ ಮರಳಿನೊಡನೆ ಕುಟ್ಟಿ ಜರಡಿಹಿಡಿದ ಸುಟ್ಟ ಮಣ್ಣಿನ ಪುಡಿಯನ್ನು ಮೂರನೆಯ ಒಂದು ಪಾಲು ಸೇರಿಸಿದರೆ ಗಾರೆಯು ಉತ್ತಮವಾಗುವುದೆಂದು ಬರೆದಿದ್ದಾನೆ. ಇಟ್ಟಿಗೆ ಸುಡುವುದನ್ನೂ ಸುಣ್ಣ ಸುಡುವುದನ್ನೂ ಬಲ್ಲ ಜನರು, ಒಡೆದ ಇಟ್ಟಿಗೆ ವ್ಯರ್ಥವಲ್ಲವೆಂಬುದನ್ನು ಬೇರೆಬೇರೆ ದೇಶಗಳಲ್ಲಿ ತಾವಾಗಿಯೇ ಕಂಡುಕೊಂಡಿರಬೇಕೆಂದು ಊಹಿಸಬಹುದು.

೩

ಇನ್ನು ಶಾಸನಗಳ ಕಡೆಗೆ. ಕರ್ನಾಟಕದ ದಾನಶಾಸನಗಳನ್ನು ಓದಿದವರಿಗೆ ಖಂಡಸ್ಫುಟಿತಜೀರ್ಣೋದ್ಧಾರವೆಂಬ ದೀರ್ಘ ಸಮಾಸವು ಚಿರಪರಿಚಿತ. ದೇವರ ಅಂಗಭೋಗ ರಂಗಭೋಗಗಳಿಗೆ, ನೈವೇದ್ಯಕ್ಕೆ, ತಪೋಧನರ ಆಹಾರದಾನಕ್ಕೆ ಎಂದು ಭೂಮಿಯನ್ನು ಬಿಡುವಾಗ ಅದರೊಡನೆ ಈ ಮಾತೂ ಬರುತ್ತದೆ. ಖಂಡವೆಂದರೆ ಒಡೆದುದು, ಸ್ಫುಟಿತವೆಂದರೆ ಬಿರುಕುಬಿಟ್ಟುದು, ಜೀರ್ಣವೆಂದರೆ ಶಿಥಿಲವಾದುದು. ಸಾವಿರಾರು ಸಲ ಪುನರುಕ್ತವಾದ ಕಾರಣ ಓದುವವರು ಇದನ್ನು ಕೇವಲ ಸಂಪ್ರದಾಯದ ಮಾತೆಂದು ದಾಟಿಹೋಗುವುದುಂಟು. ವಿಚಾರ ಮಾಡಿದರೆ ಇದರಲ್ಲಿ ಅರ್ಥಗೌರವವಿದೆ. ಕಟ್ಟಡವನ್ನು ಕಟ್ಟಿಸಿದ ದಿನವೇ ಅದು ಒಡೆಯುವುದೆಂಬುದನ್ನು ಒಪ್ಪಿಕೊಂಡು, ಆ ಒಡಕನ್ನು ತುಂಬುವ ವೆಚ್ಚಕ್ಕೆ ಶಾಶ್ವತವಾದ ಆದಾಯವನ್ನು ಕಲ್ಪಿಸಿದ ಆರ್ಥಿಕ ವಿವೇಕ ಇದರಲ್ಲಿ ಕಾಣುತ್ತದೆ. ಜೀರ್ಣೋದ್ಧಾರವು ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ, ವರ್ಷವರ್ಷವೂ ನಡೆಯುವ ಕಾರ್ಯ. ಅದಕ್ಕೆ ಊರಿನಲ್ಲಿ ಸುಣ್ಣದ ಗೂಡು ಉರಿಯುತ್ತಿರಬೇಕು, ಗಾರೆಯ ಗಾಣ ತಿರುಗುತ್ತಿರಬೇಕು, ಕೆಲಸಗಾರರು ನೆಲಸಿರಬೇಕು. ದತ್ತಿಯುಳ್ಳ ದೇವಾಲಯದ ಊರುಗಳಲ್ಲಿ ಗಾರೆಯ ವಿದ್ಯೆಯು ತಲೆಮಾರುಗಳವರೆಗೆ ಉಳಿದುಬಂದುದಕ್ಕೆ ಈ ದತ್ತಿಗಳೂ ಒಂದು ಕಾರಣವೆಂದು ಹೇಳಿದರೆ ತಪ್ಪಾಗಲಾರದು.

ಹರಿಹರದ ದೇವಾಲಯವು ಇದಕ್ಕೆ ಹತ್ತಿರದ ನಿದರ್ಶನ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೩–೨೪ರಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದನು. ಮುಮ್ಮಡಿ ನರಸಿಂಹನ ಸೇನಾನಿಯೂ ಸೋಮನಾಥಪುರದ ಸ್ಥಾಪಕನೂ ಆದ ಸೋಮನು ೧೨೬೮ರಲ್ಲಿ ಅದಕ್ಕೆ ಸೇರಿಕೆಗಳನ್ನು ಮಾಡಿಸಿದನು. ಗುಡಿಯ ಮುಖ್ಯ ಭಾಗವು ಬಳಪದ ಕಲ್ಲಿನದು. ಗರ್ಭಗೃಹದ ಮೇಲಿದ್ದ ಮೂಲ ಶಿಖರವು ಉಳಿದಿಲ್ಲ. ಅದರ ಸ್ಥಾನದಲ್ಲಿ ಇಟ್ಟಿಗೆ ಗಾರೆಗಳ ಶಿಖರವು ಬಂದಿದೆ. ಕಲಾದೃಷ್ಟಿಯಿಂದ ಇದನ್ನು ನ್ಯೂನತೆಯೆಂದು ಹೇಳುವವರಿದ್ದಾರೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅದು ಖಂಡಸ್ಫುಟಿತಜೀರ್ಣೋದ್ಧಾರವೆಂಬ ಶಾಸನವಾಕ್ಯದ ಪ್ರತ್ಯಕ್ಷ ವ್ಯಾಖ್ಯಾನವಾಗಿದೆ. ಕಲ್ಲಿನ ಕೆತ್ತನೆಗೆ ತಕ್ಕ ಶಿಲ್ಪಿಯಾಗಲಿ ದ್ರವ್ಯವಾಗಲಿ ದೊರೆಯದ ಕಾಲದಲ್ಲಿಯೂ, ಇಟ್ಟಿಗೆಯೂ ಸುಣ್ಣವೂ ಗಾರೆಯ ಕೆಲಸದವನೂ ದೊರೆಯುತ್ತಿದ್ದುದರಿಂದ ದೇವರ ಮೇಲೆ ಮಾಡು ಉಳಿಯಿತು.

ಅಂಗಳದ ಶಾಸನಗಳು ಇನ್ನೊಂದು ದೃಷ್ಟಿಯಿಂದ ಅಮೂಲ್ಯವಾದುವು. ಇವು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ, ಆಗ ಹರಿಹರವು ಸೇರಿದ್ದ ದಾವಣಗೆರೆ ತಾಲ್ಲೂಕಿನ ಶಾಸನಗಳೊಡನೆ, ೧೯೦೩ರಲ್ಲಿ ಪ್ರಕಟವಾದುವು. ಪೋಲಾಳ್ವನು ಕೇವಲ ದಂಡನಾಯಕನಾಗಿರದೆ ಹರಿಚಾರಿತ್ರವೆಂಬ ಕೃತಿಯನ್ನು ರಚಿಸಿದ ಕವಿಯೂ ಆಗಿದ್ದನೆಂಬುದು ತಿಳಿದುಬಂದುದು ಇಲ್ಲಿಯ ಶಾಸನದಿಂದ. ಆ ಕೃತಿಯು ಇದುವರೆಗೆ ದೊರೆತಿಲ್ಲ. ತಾಳೆಯ ಗರಿಯ ಮೇಲೆ ಬರೆದುದು ಹೋಯಿತು. ಕಲ್ಲಿನ ಮೇಲೆ ಬರೆದ ಹೆಸರು ಉಳಿಯಿತು. ಆ ಕಲ್ಲನ್ನು ಯಾವನಾದರೂ ತನ್ನ ಮನೆಯ ತಳಪಾಯಕ್ಕೆ ಎಳೆದೊಯ್ದು ಅಕ್ಷರದ ಮುಖವನ್ನು ಒಳಗಿಟ್ಟು ಗಾರೆ ಬಡಿದಿದ್ದರೆ ಕನ್ನಡ ಸಾಹಿತ್ಯ ಚರಿತ್ರೆಯ ಪಟ್ಟಿಯಲ್ಲಿ ಒಬ್ಬ ಕವಿಯು ಕಡಮೆಯಾಗುತ್ತಿದ್ದನು. ಕಡಮೆಯಾದುದೂ ಯಾರಿಗೂ ತಿಳಿಯುತ್ತಿರಲಿಲ್ಲ.

೪

ಇಟ್ಟಿಗೆಯ ಪುಡಿಯು ಗಾರೆಯನ್ನು ಬಲಪಡಿಸುವ ಕಾರಣವನ್ನು ಈಗ ವಿಚಾರಿಸಬೇಕು. ಸುಣ್ಣದ ಕಲ್ಲನ್ನು ಸುಟ್ಟಾಗ ಅದರಲ್ಲಿರುವ ಇಂಗಾಲಾಮ್ಲ ವಾಯುವು ಹೊರಟುಹೋಗುತ್ತದೆ. ಶುದ್ಧವಾದ ಕಲ್ಲು ನೂರು ಮಣವಿದ್ದರೆ ಸುಮಾರು ೫೬ ಮಣ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹೊಯ್ದು ಅರಳಿಸಿದ ಈ ಸುಣ್ಣವನ್ನು ಮರಳಿನೊಡನೆ ಕಲಸಿ ಕಟ್ಟಿದರೆ, ಅದು ಗಾಳಿಯಲ್ಲಿರುವ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ದಪ್ಪ ಗೋಡೆಯ ಒಳಕ್ಕೆ ಗಾಳಿ ತಲಪುವುದು ಬಹು ನಿಧಾನ. ನೀರಿನಡಿಯಲ್ಲಂತೂ ತಲಪುವುದೇ ಇಲ್ಲ. ಆದಕಾರಣ ಸೇತುವೆಯ ಕಂಬಕ್ಕೂ ಕೆರೆಯ ತೂಬಿಗೂ ಬರಿಯ ಸುಣ್ಣಮರಳಿನ ಗಾರೆ ಸಾಲದು.

ಸುಟ್ಟ ಜೇಡಿಯ ಪುಡಿಯನ್ನು ಸೇರಿಸಿದಾಗ ಬೇರೆಯೇ ಒಂದು ಕ್ರಿಯೆ ನಡೆಯುತ್ತದೆ. ಜೇಡಿಮಣ್ಣು ಸುಮಾರು ೬೦೦ರಿಂದ ೮೦೦ ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಾಗ ತನ್ನೊಳಗೆ ಬಂಧಿತವಾದ ನೀರನ್ನು ಕಳೆದುಕೊಂಡು, ಅದರ ಸಿಲಿಕ ಅಲ್ಯುಮಿನಗಳು ಸುಣ್ಣದೊಡನೆ ಕೂಡಲು ಸಿದ್ಧವಾಗುತ್ತವೆ. ತೇವವಿದ್ದರೆ ಸಾಕು, ಗಾಳಿಯ ಸಹಾಯವಿಲ್ಲದೆಯೇ ಸುಣ್ಣವೂ ಈ ಪುಡಿಯೂ ಕೂಡಿ ನೀರಿನಲ್ಲಿ ಕರಗದ ಗಟ್ಟಿ ಪದಾರ್ಥವಾಗುತ್ತದೆ. ನೇಪಲ್ಸಿನ ಬಳಿಯ ಪೊಟ್ಜುವೋಲಿಯ ಜ್ವಾಲಾಮುಖಿಯ ಬೂದಿಯಲ್ಲಿ ಇದೇ ಗುಣವಿರುವುದರಿಂದ ಇಂಥ ದ್ರವ್ಯಗಳಿಗೆಲ್ಲ ಪೊಜೊಲಾನವೆಂಬ ಹೆಸರು ಬಂದಿತು. ಇಟ್ಟಿಗೆಯು ಅತಿಯಾಗಿ ಬೆಂದು ಕರಿಕಟ್ಟಿ ಗಾಜಿನಂತಾದರೆ ಈ ಗುಣವು ನಾಶವಾಗುತ್ತದೆ. ಬೇಯದೆ ಹಸಿಯಾಗಿ ಉಳಿದರೆ ಗುಣವು ಹುಟ್ಟಿಯೇ ಇರುವುದಿಲ್ಲ. ಆದಕಾರಣ ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆಯೇ ಬೇಕು, ಅದೂ ನುಣ್ಣಗೆ ಪುಡಿಯಾಗಬೇಕು. ದಪ್ಪ ಪುಡಿಯು ಮರಳಿನ ಕೆಲಸವನ್ನು ಮಾತ್ರ ಮಾಡುತ್ತದೆ. ನುಣ್ಣನೆಯ ಪುಡಿಯು ಬಂಧಕದ ಕೆಲಸವನ್ನೂ ಮಾಡುತ್ತದೆ.

ಹಳೆಯ ಕೆಲಸಗಾರರಿಗೆ ಈ ರಸಾಯನದ ಹೆಸರುಗಳು ತಿಳಿದಿರಲಿಲ್ಲ. ಅದರ ಫಲ ತಿಳಿದಿತ್ತು. ವೃತ್ತಾಕಾರವಾದ ಕಾಲುವೆಯಲ್ಲಿ ಕಲ್ಲಿನ ಗಾಲಿಯನ್ನು ಎತ್ತುಗಳಿಂದ ತಿರುಗಿಸಿ ಸುಣ್ಣ, ಸುರ್ಕಿ, ಮರಳುಗಳನ್ನು ಒಟ್ಟಿಗೆ ಅರೆಯುವ ಗಾಣದಲ್ಲಿ ಪುಡಿಯು ಇನ್ನಷ್ಟು ನುಣ್ಣಗಾಗಿ ಸುಣ್ಣದೊಡನೆ ಬೆರೆಯುತ್ತಿತ್ತು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದುವನ್ನು ಸೇರಿಸುವುದೂ ದಕ್ಷಿಣ ದೇಶದಲ್ಲಿ ರೂಢಿಯಾಗಿತ್ತು. ಕಟ್ಟಿದ ಮೇಲೆ ಬಹುದಿನ ನೀರು ಹನಿಸುವ ಪದ್ಧತಿಯು ಮೇಲೆ ಹೇಳಿದ ಕ್ರಿಯೆಗೆ ಅನುಕೂಲವಾದುದೇ. ಇಟ್ಟಿಗೆಯ ಆವಿಗೆಯಲ್ಲಿ ಎಲ್ಲ ಇಟ್ಟಿಗೆಗೂ ಒಂದೇ ಬಿಸಿ ತಾಕುವುದಿಲ್ಲ. ನಡುವಿನದು ಗಟ್ಟಿಯಾಗಿ ಬೆಂದರೆ ಅಂಚಿನದು ಎಳೆಯದಾಗಿ ಉಳಿಯುತ್ತದೆ. ಕಟ್ಟಡಕ್ಕೆ ಎರಡನೆಯ ದರ್ಜೆಯದಾದ ಈ ಎಳೆಯ ಇಟ್ಟಿಗೆಯೇ ಸುರ್ಕಿಗೆ ಒಳ್ಳೆಯದಾಗುತ್ತದೆ. ಒಂದು ಕೆಲಸಕ್ಕೆ ಬಾರದುದು ಇನ್ನೊಂದಕ್ಕೆ ಶ್ರೇಷ್ಠವಾಗುವ ಈ ನ್ಯಾಯವೇ ಸುರ್ಕಿಯ ಚರಿತ್ರೆಯ ತಿರುಳು.

೫

ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶೀಯ ವಿದ್ಯೆಯನ್ನು ಸರಕಾರದ ಎಂಜಿನಿಯರರು ದೊಡ್ಡ ಕೆಲಸಗಳಿಗೆ ಹಿಡಿದರು. ಉತ್ತರ ದೇಶದಲ್ಲಿ ೧೮೫೪ರಲ್ಲಿ ತೆರೆದ ಗಂಗಾ ನಾಲೆಯ ಕಟ್ಟಡಗಳಿಗೆ ಸುರ್ಕಿಯು ಹೇರಳವಾಗಿ ಬಳಕೆಯಾಯಿತು. ಹರಿಹರದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಬೆಂಗಳೂರು ಧಾರವಾಡಗಳ ಹೆದ್ದಾರಿಯ ಸೇತುವೆಯು ೧೮೬೮ರಲ್ಲಿ ಪೂರ್ಣವಾಯಿತು. ಕಲ್ಲು ಮತ್ತು ಇಟ್ಟಿಗೆಗಳಿಂದಾದ ಅದಕ್ಕೆ ೬೦ ಅಡಿಗಳ ಹರವುಳ್ಳ ೧೪ ದೀರ್ಘವೃತ್ತಾಕಾರದ ಕಮಾನುಗಳಿದ್ದುವೆಂದೂ, ಸುಮಾರು ಮೂರು ಲಕ್ಷ ರೂಪಾಯಿ ವೆಚ್ಚವಾಯಿತೆಂದೂ ಗೆಜೆಟಿಯರು ಹೇಳುತ್ತದೆ. ಪೋರಬಂದರಿನಲ್ಲಿ ಸಿಮೆಂಟು ಕ್ರಮವಾಗಿ ತಯಾರಾಗಲು ತೊಡಗಿದುದು ೧೯೧೪ರಲ್ಲಿ. ಅದಕ್ಕೆ ೪೬ ವರ್ಷಗಳ ಹಿಂದೆ ನದಿಯ ಪ್ರವಾಹವನ್ನು ತಡೆಯುವ ಕಮಾನುಗಳು ಇಲ್ಲಿ ನಿಂತುದು ಸುಣ್ಣದ ಬಲದಿಂದಲೇ ಇರಬೇಕು.

ಅನಂತರದ ನಿದರ್ಶನಗಳು ಇನ್ನೂ ದೊಡ್ಡವು. ತಿರುವಾಂಕೂರಿನ ಮಲೆಯಲ್ಲಿ ೧೮೮೭ರಿಂದ ೧೮೯೫ರ ವರೆಗೆ ಕಟ್ಟಿದ ಮುಲ್ಲಪೆರಿಯಾರ್ ಅಣೆಕಟ್ಟು ಸುಣ್ಣಸುರ್ಕಿಯದು. ಅಂದು ದಾವಣಗೆರೆಯೂ ಸೇರಿದ್ದ ಚಿತ್ರದುರ್ಗ ಜಿಲ್ಲೆಯಲ್ಲಿಯೇ, ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರ ವರೆಗೆ ಮಾರಿಕಣಿವೆಯ ಕಟ್ಟೆಯು ಇದೇ ಬಗೆಯ ಗಾರೆಯಿಂದ ಎದ್ದಿತು. ೧೯೧೧ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ಮೊದಲಾದ ಕೃಷ್ಣರಾಜಸಾಗರವು ೮,೬೦೦ ಅಡಿ ಉದ್ದದ ಕಟ್ಟಡ. ಪರದೇಶದ ಸಿಮೆಂಟಿನ ಬೆಲೆಯನ್ನು ಭರಿಸಲಾಗದ ಕಾಲದಲ್ಲಿ ಅದಕ್ಕೂ ಸುರ್ಕಿಗಾರೆಯೇ ಆಧಾರವಾಯಿತು. ಹರಿಹರದಿಂದ ಕೆಳಕ್ಕೆ ಹರಿದ ತುಂಗಭದ್ರೆಗೆ ಹೊಸಪೇಟೆಯ ಬಳಿ ೧೯೪೫ರಲ್ಲಿ ಮೊದಲಾಗಿ ೧೯೫೩ರಲ್ಲಿ ಮುಗಿದ ಅಣೆಕಟ್ಟಿನಲ್ಲಿಯೂ ಸುರ್ಕಿಯು ಮುಖ್ಯ ಸ್ಥಾನವನ್ನು ಪಡೆಯಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಊರಿನ ಮನೆ ಗುಡಿಗಳ ದುರಸ್ತಿಗೆ ಒಡೆದ ಇಟ್ಟಿಗೆ, ಹೆಂಚಿನ ಚೂರು, ಬೋಕಿಗಳನ್ನು ಕುಟ್ಟಿದರೆ ಸಾಕಾಗುತ್ತಿತ್ತು. ಅಣೆಕಟ್ಟಿಗೆ ಬೇಕಾದ ರಾಶಿಯು ಒಡೆದ ಇಟ್ಟಿಗೆಯಿಂದ ಒದಗುವಂಥದಲ್ಲ. ಅದಕ್ಕಾಗಿ ಜೇಡಿಯನ್ನು ಬೇರೆಯಾಗಿ ಸುಟ್ಟು ಯಂತ್ರಗಳಿಂದ ಪುಡಿಮಾಡಬೇಕಾಯಿತು. ಹಳೆಯ ಸಾಮಗ್ರಿಯನ್ನು ಉಳಿಸುವ ಮನೆಯ ಮಿತವ್ಯಯವು ಹೀಗೆ ಸರಕಾರದ ಕಾರ್ಖಾನೆಯಾಗಿ ಬೆಳೆಯಿತು. ಆದುದರಿಂದ ಕೃಷ್ಣರಾಜಸಾಗರವನ್ನು ಹಳೆಯ ಇಟ್ಟಿಗೆಯ ಮರುಬಳಕೆಗೆ ಸಾಕ್ಷಿಯಾಗಿ ತರುವುದು ಯುಕ್ತವಲ್ಲ. ಆ ಮರುಬಳಕೆಯಿಂದ ಹುಟ್ಟಿದ ಜ್ಞಾನಕ್ಕೆ ಸಾಕ್ಷಿಯಾಗಿ ತರುವುದು ಯುಕ್ತ.

೧೯೩೦ರ ದಶಕದ ಕೊನೆಗೆ ಭದ್ರಾವತಿಯಲ್ಲಿಯೂ ಸಿಮೆಂಟು ತಯಾರಾಗತೊಡಗಿತು. ಸಿಮೆಂಟಿನ ಗಾರೆಯು ಬೇಗ ಬಿಗಿಯುತ್ತದೆ. ಸುರ್ಕಿಯು ವಾರಗಟ್ಟಲೆ ಕಾಯಿಸುತ್ತದೆ. ಸ್ವಾತಂತ್ರ್ಯಾನಂತರದ ತ್ವರೆಯ ಕಾಲದಲ್ಲಿ ಕಾಯುವವರು ಕಡಮೆಯಾದರು, ಗಾಣಗಳು ನಿಂತುವು. ಗಾಣ ನಿಂತುದರ ಪರಿಣಾಮವು ಕೇವಲ ಒಂದು ಕಸಬಿನ ನಾಶವಲ್ಲ. ಒಡೆದ ಇಟ್ಟಿಗೆಗೆ ಇದ್ದ ಬೆಲೆ ಹೋಯಿತು. ಬೆಲೆಯಿಲ್ಲದ ವಸ್ತುವು ಕಸವೆನಿಸಿತು. ಕಸವನ್ನು ಹಳ್ಳಕ್ಕೂ ಕೆರೆಯ ಅಂಗಳಕ್ಕೂ ಸುರಿಯುವುದು ರೂಢಿಯಾಯಿತು.

೬

ಇನ್ನು ಮರುಬಳಕೆಯ ಇನ್ನೊಂದು ಮುಖ. ಹಳೆಯದನ್ನು ವ್ಯರ್ಥಗೊಳಿಸದ ಗುಣವು ವಿವೇಚನೆಯಿಲ್ಲದಾಗ ಎಂಥ ಹಾನಿಯನ್ನು ಮಾಡುವುದೆಂಬುದಕ್ಕೆ ದಖ್ಖಣದಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ಕೃಷ್ಣಾ ತೀರದ ಅಮರಾವತಿಯ ಮಹಾಸ್ತೂಪದ ಫಲಕಗಳು ಸುಣ್ಣದ ಕಲ್ಲಿನವು. ಹದಿನೆಂಟನೆಯ ಶತಮಾನದ ಕೊನೆಯಿಂದ ಅವನ್ನು ಕಿತ್ತು ಹೊಸ ಕಟ್ಟಡಗಳಿಗೆ ಹೊತ್ತರು, ಅನೇಕವನ್ನು ಗೂಡಿನಲ್ಲಿ ಸುಟ್ಟು ಸುಣ್ಣಮಾಡಿದರು. ಕಾಲಿನ್ ಮೆಕೆಂಜಿಯು ಮತ್ತೆ ಬಂದು ನೋಡುವಷ್ಟರಲ್ಲಿ ಬಹುಭಾಗವು ಹೋಗಿತ್ತು. ಶಿಲ್ಪಿಯು ಕಂಡರಿಸಿದ ಕಥೆಗಳು ಗೋಡೆಯ ಬಿಳುಪಾದುವು.

ಕರ್ನಾಟಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ವೃತ್ತಾಂತವು ಇದಕ್ಕಿಂತಲೂ ಬೋಧಪ್ರದವಾಗಿದೆ. ಅಲ್ಲಿಯ ಚಂದ್ರಲಾಂಬೆಯ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಮಾಡು ೧೯೮೬ರಲ್ಲಿ ಕುಸಿದುಬಿದ್ದು ವಿಗ್ರಹವು ಒಡೆಯಿತು. ಆಗ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವು ಕಂಡುಬಂದಿತು. ಪೀಠವನ್ನು ಹೊಂದಿಸಿದವರು ವಿಗ್ರಹದ ಬುಡವನ್ನು ನಿಲ್ಲಿಸಲು ಚಪ್ಪಡಿಯಲ್ಲಿ ಚೌಕವಾದ ಕುಳಿಯನ್ನು ಕಡಿದಿದ್ದರು. ಕುಳಿಯಿದ್ದೆಡೆಯ ಅಕ್ಷರಗಳು ಹೋದುವು. ಅವರು ಕೇಡುಮಾಡಬೇಕೆಂದು ಮಾಡಿದವರಲ್ಲ. ಓದಲಾರದ ಲಿಪಿಯು ಅವರಿಗೆ ಗೀಟುಗಳಾಗಿ ಕಂಡಿತು. ಕಲ್ಲು ಗಟ್ಟಿಯಾಗಿತ್ತು, ಅಳತೆಗೆ ಸರಿಯಾಗಿತ್ತು. ಅದೇ ಮರುಬಳಕೆಯ ಕಾರಣದಿಂದ ಕಲ್ಲು ಉಳಿದುಬಂದಿತೆಂಬುದೂ ನಿಜ. ದೇವರ ಪೀಠವಾಗದಿದ್ದರೆ ಅದು ಬೇರೆ ಯಾವ ಗತಿಯನ್ನು ಕಾಣುತ್ತಿತ್ತೆಂದು ಹೇಳಲಾಗದು. ಹೀಗೆ ಮರುಬಳಕೆಯು ಕಾಯುವುದೂ ಉಂಟು, ಕೆಡಿಸುವುದೂ ಉಂಟು. ಯಾವುದಾಗುವುದೆಂಬುದು ಎತ್ತಿಡುವವನ 'ಕಣ್ಣಿನ' ಮೇಲೆ ನಿಂತಿದೆ.

ಮೈದಾನ ಸೀಮೆಯ ಹಳ್ಳಿಗಳಲ್ಲಿ ಬಿದ್ದ ಮಣ್ಣಿನ ಗೋಡೆಗಳನ್ನೂ ಹಾಳೂರ ದಿಬ್ಬದ ಮಣ್ಣನ್ನೂ ಹೊಲಕ್ಕೆ ಹೇರುವ ರೂಢಿಯುಂಟು. ಆ ಮಣ್ಣಿನಲ್ಲಿ ಪೈರಿಗೆ ಬೇಕಾದ ಸಾರವಿರುವುದರಿಂದ ರೈತನ ದೃಷ್ಟಿಯಲ್ಲಿ ಇದು ಸರಿಯೇ. ಆದರೆ ದಿಬ್ಬದ ಪದರಗಳಲ್ಲಿ ಮಡಕೆ, ನಾಣ್ಯ, ಮಣಿಗಳ ಕ್ರಮವೇ ಪ್ರಾಚೀನ ಚರಿತ್ರೆಯ ಪುಟಗಳಾದುದರಿಂದ, ಬಂಡಿಯೊಂದೊಂದರೊಡನೆ ಒಂದೊಂದು ಪುಟವು ಹೋಗುತ್ತದೆ.

೭

ಪ್ರಸ್ತುತ ಕಾಲಕ್ಕೆ ಈ ಚರಿತ್ರೆಯ ಪ್ರಯೋಜನವೇನೆಂಬುದು ಉಳಿದ ಪ್ರಶ್ನೆ. ಸಿಮೆಂಟಿನ ತಯಾರಿಕೆಯಿಂದ ಹೊರಡುವ ಇಂಗಾಲಾಮ್ಲ ವಾಯುವು ಮನುಷ್ಯರ ಕೆಲಸಗಳಿಂದ ಲೋಕದಲ್ಲಿ ಹೊರಡುವ ಒಟ್ಟಿನಲ್ಲಿ ನೂರಕ್ಕೆ ಸುಮಾರು ೭–೮ ಪಾಲೆಂದು ಲೆಕ್ಕಹಾಕಿದ್ದಾರೆ. ನದಿಗಳ ಮರಳು ಬರಿದಾಗುತ್ತಿದೆ. ಇವೆರಡು ಕಾರಣಗಳಿಂದ ಕೆಡವಿದ ಕಟ್ಟಡದ ಪುಡಿಯನ್ನು ಗಾರೆಯಲ್ಲಿ ಮರಳಿನ ಬದಲಾಗಿಯೂ ಸಿಮೆಂಟಿನ ಒಂದಂಶದ ಬದಲಾಗಿಯೂ ಬಳಸುವ ಪ್ರಯೋಗಗಳು ಅನೇಕ ದೇಶಗಳಲ್ಲಿ ನಡೆದಿವೆ. ಭಾರತದ ಮಾನಕಗಳಲ್ಲಿ ಸುಟ್ಟ ಜೇಡಿಯ ಪೊಜೊಲಾನಕ್ಕೂ, ಸುಣ್ಣದ ಗಾರೆಗೆ ಬಳಸುವ ಒಡೆದ ಇಟ್ಟಿಗೆಯ ನುಣ್ಣನೆಯ ಜಲ್ಲಿಗೂ ಬೇರೆಬೇರೆ ನಿಯಮಗಳು ಹಿಂದಿನಿಂದಲೂ ಇವೆ. ಜಲ್ಲಿ ಮರಳುಗಳ ಮಾನಕವಾದ ಐ. ಎಸ್. ೩೮೩ನ್ನು ೨೦೧೬ರಲ್ಲಿ ತಿದ್ದಿದಾಗ, ಒಡೆದ ಕಾಂಕ್ರೀಟಿನಿಂದ ಪಡೆದ ಜಲ್ಲಿಯನ್ನು ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ನೂರಕ್ಕೆ ೨೫ರ ವರೆಗೆ ಬಳಸಲು ಅನುಮತಿ ದೊರೆಯಿತು.

ಅದೇ ೨೦೧೬ರ ಮಾರ್ಚಿ ತಿಂಗಳಲ್ಲಿ ಕೇಂದ್ರ ಸರಕಾರವು ಕಟ್ಟುವ ಕೆಡಹುವ ಕಸದ ನಿರ್ವಹಣೆಯ ನಿಯಮಗಳನ್ನು ಹೊರಡಿಸಿತು. ದಿನಕ್ಕೆ ೨೦ ಟನ್ನು ಇಲ್ಲವೆ ತಿಂಗಳಲ್ಲಿ ಒಂದು ಕೆಲಸಕ್ಕೆ ೩೦೦ ಟನ್ನು ಕಸವನ್ನು ಹುಟ್ಟಿಸುವವರು ಅದನ್ನು ನಾಲ್ಕು ಪಾಲಾಗಿ ವಿಂಗಡಿಸಬೇಕೆಂದು ಅದರಲ್ಲಿ ವಿಧಿಸಲಾಗಿತ್ತು: ಕಾಂಕ್ರೀಟು, ಮಣ್ಣು, ಉಕ್ಕು, ಮರ ಮತ್ತು ಪ್ಲಾಸ್ಟಿಕ್ಕು, ಇಟ್ಟಿಗೆ ಮತ್ತು ಗಾರೆ. ಚರಿತ್ರೆಯನ್ನು ಬಲ್ಲವರಿಗೆ ಈ ನಾಲ್ಕನೆಯ ಪಾಲು ಹೊಸದಾಗಿ ತೋರಲಾರದು. ಗಾರೆಯ ಗಾಣಕ್ಕೆ ಹೋಗುತ್ತಿದ್ದ ಪಾಲು ಅದೇ.

ಆದರೆ ಹಳೆಯ ಮಾದರಿಯನ್ನು ಕಣ್ಣುಮುಚ್ಚಿ ಅನುಸರಿಸಲಾಗದು. ಹಿಂದಿನ ಗೋಡೆಯಲ್ಲಿ ಇಟ್ಟಿಗೆ, ಸುಣ್ಣ, ಮಣ್ಣು ಇಷ್ಟೇ ಇದ್ದುವು. ಇಂದಿನ ರಾಶಿಯಲ್ಲಿ ಸಿಮೆಂಟಿನ ಗಾರೆ, ಜಿಪ್ಸಮಿನ ಲೇಪ, ಬಣ್ಣ, ಕಬ್ಬಿಣ, ಗಾಜುಗಳು ಬೆರೆತಿರುತ್ತವೆ. ಜಿಪ್ಸಮಿನ ಗಂಧಕದ ಅಂಶವು ಗಾರೆಯನ್ನು ಉಬ್ಬಿಸಿ ಒಡೆಯುತ್ತದೆ. ಸವಳು ನೆಲದಲ್ಲಿ ನಿಂತಿದ್ದ ಗೋಡೆಯ ಇಟ್ಟಿಗೆಯು ಉಪ್ಪನ್ನು ಹೀರಿಕೊಂಡಿರುತ್ತದೆ; ಅದರ ಪುಡಿಯನ್ನು ಬಳಸಿದರೆ ಹೊಸ ಗೋಡೆಯ ಮೇಲೂ ಉಪ್ಪು ಪುಟಿಯುತ್ತದೆ. ಒಡೆದ ಇಟ್ಟಿಗೆಯೂ ಹಳೆಯ ಗಾರೆಯೂ ನೀರನ್ನು ಬಹಳ ಕುಡಿಯುವುದರಿಂದ ಅವನ್ನು ಮೊದಲೇ ನೆನೆಯಿಸದಿದ್ದರೆ ಕಲಸಿದ ಗಾರೆಯು ಒಣಗಿ ಬಲಗೆಡುತ್ತದೆ. ಗಾಳಿಯನ್ನು ಹೀರಿ ಕಲ್ಲಾದ ಹಳೆಯ ಸುಣ್ಣಕ್ಕೆ ಮತ್ತೆ ಬಂಧಿಸುವ ಶಕ್ತಿಯಿಲ್ಲ. ಅದು ಮರಳಿನ ಸ್ಥಾನವನ್ನು ಮಾತ್ರ ತುಂಬಬಲ್ಲದು. ಬಿಸಿ ಹೆಚ್ಚಾದ ಗೂಡುಗಳಲ್ಲಿ ಬೆಂದ ಈಚಿನ ಗಟ್ಟಿ ಇಟ್ಟಿಗೆಗಿಂತ ಹಳೆಯ ಮನೆಗಳ ಮೆತ್ತನೆಯ ನಾಡಿಟ್ಟಿಗೆಯು ಸುರ್ಕಿಗೆ ಹೆಚ್ಚು ಅನುಕೂಲವೆಂಬುದು ಮೇಲಿನ ವಿಚಾರದಿಂದ ಸಿದ್ಧವಾಗುತ್ತದೆ. ಹೀಗೆ ಎಲ್ಲ ಕಡೆಯಿಂದಲೂ ವಿಚಾರವು ಒಂದೇ ಕಡೆಗೆ ಬಂದು ನಿಲ್ಲುತ್ತದೆ: ಪುಡಿಮಾಡುವುದಕ್ಕೆ ಮೊದಲು ವಿಂಗಡಿಸಬೇಕು.

ಸರಕಾರದ ೨೦೧೬ರ ನಿಯಮದ ನಾಲ್ಕು ಪಾಲುಗಳೊಡನೆ ಐದನೆಯದೊಂದು ಇರತಕ್ಕದ್ದು; ಅದನ್ನು ಗುರುತಿಸುವುದು ಎಂಜಿನಿಯರನ ಕೆಲಸಕ್ಕಿಂತ ಹೆಚ್ಚಾಗಿ ವಿದ್ವಾಂಸನ ಕೆಲಸ. ಲಿಪಿಯುಳ್ಳ ಕಲ್ಲು, ವೀರಗಲ್ಲು, ಮಾಸತಿಕಲ್ಲು, ಕೆತ್ತಿದ ಕಂಬ, ಬರೆಹವುಳ್ಳ ಬಾಗಿಲವಾಡ, ಗಿರಣಿಯ ಗೋಡೆಯಲ್ಲಿ ಹುದುಗಿಸಿದ ತಳಹದಿಯ ಫಲಕ ಇವುಗಳೆಲ್ಲ ಆ ಪಾಲಿಗೆ ಸೇರತಕ್ಕವು. ೧೯೬೧ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾಯಿದೆಯೂ ೧೯೭೨ರ ಕೇಂದ್ರದ ಪುರಾವಸ್ತುಗಳ ಕಾಯಿದೆಯೂ ಇಂಥವುಗಳ ರಕ್ಷಣೆಗಾಗಿ ಇವೆ. ಆದರೆ ಕಾಯಿದೆಯು ಗೋಡೆ ಕೆಡಹುವ ದಿನ ಅಲ್ಲಿ ನಿಂತಿರುವುದಿಲ್ಲ. ಹಾರೆ ಹಿಡಿದ ಕೂಲಿಯವನಿಗೂ ಮೇಲ್ವಿಚಾರಣೆಯ ಗೌಂಡಿಗೂ ಕಲ್ಲಿನ ಮೇಲಿನ ಗೀಟು ಅಕ್ಷರವೆಂದು ತಿಳಿದಿರಬೇಕು. ತಿಳಿಸತಕ್ಕವರು ಆ ಊರಿನ ಶಾಲೆ ಕಾಲೇಜುಗಳ ಉಪಾಧ್ಯಾಯರು. ಶಾಸನದ ಪಾಠವನ್ನು ಪುಸ್ತಕದಲ್ಲಿ ಕಲಿಸುವವರು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಹರಿಹರದ ಗುಡಿಯ ಅಂಗಳಕ್ಕೆ ಕರೆದೊಯ್ದು ಕಲ್ಲನ್ನು ಮುಟ್ಟಿ ಓದಿಸಿದರೆ, ಆ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ತಮ್ಮ ಬೀದಿಯ ಹಳೆಯ ಮನೆ ಬೀಳುವಾಗ ಒಂದು ಗಳಿಗೆ ನಿಂತು ನೋಡುವರು.

ಖಂಡಸ್ಫುಟಿತಜೀರ್ಣೋದ್ಧಾರಕ್ಕೆ ಭೂಮಿಯನ್ನು ಬಿಟ್ಟ ಪೂರ್ವಿಕರು ಒಡೆದುದನ್ನು ಎಸೆಯುವ ವಿಷಯವನ್ನು ಹೇಳಲಿಲ್ಲ, ಉದ್ಧರಿಸುವ ವಿಷಯವನ್ನು ಹೇಳಿದರು. ಉದ್ಧಾರದ ಬಗೆಯು ವಸ್ತುವಿಗೆ ತಕ್ಕಂತೆ ಬೇರೆಯಾಗುತ್ತದೆ. ಇಟ್ಟಿಗೆಯನ್ನು ಪುಡಿಮಾಡಿ ಹೊಸ ಗೋಡೆಗೆ ಬಲವಾಗಿ ಸೇರಿಸುವುದು ಅದರ ಉದ್ಧಾರ. ಶಾಸನದ ಕಲ್ಲನ್ನು ಇದ್ದಂತೆ ಎತ್ತಿ ನೆರಳಿನಲ್ಲಿ ನಿಲ್ಲಿಸುವುದು ಅದರ ಉದ್ಧಾರ. ಈ ಎರಡನ್ನೂ ಬೇರ್ಪಡಿಸಿ ಮಾಡಬಲ್ಲ ನಗರಕ್ಕೆ ಮರಳಿನ ಕೊರತೆಯೂ ಕಡಮೆಯಾಗುವುದು, ಚರಿತ್ರೆಯ ಕೊರತೆಯೂ ಕಡಮೆಯಾಗುವುದು.